ಸುಭದ್ರಾಬಾಯಿಯ ನೀತಿ ಪಾಠಕ್ಕೆ ಬಂದ ಕುತ್ತು

ಬೆಳಗಿನ ಆರೂಮುಕ್ಕಾಲು. ಜೇವರ್ಗಿ ಊರಾಚೆಯ ಕಾನ್ವೆಂಟ್ ಶಾಲೆಯ ಗೇಟು ಈಗಷ್ಟೇ ತೆರೆದಿದೆ. ನೆಲೋಗಿಯಿಂದ ಮೊದಲ ಬಸ್ಸು ಹಿಡಿದು ಬಂದ ಸುಭದ್ರಾಬಾಯಿ ಟೀಚರ್ ಒಂಬತ್ತನೇ ತರಗತಿಯ ಖಾಲಿ ಕೋಣೆಯಲ್ಲಿ ಬೋರ್ಡು ಒರೆಸುತ್ತಿದ್ದಾರೆ. ಹಣೆಯ ಮೇಲೆ ಮನೆಯ ಪೂಜೆಯ ವಿಭೂತಿ, ಕೈಯಲ್ಲಿ ಸೀಮೆಸುಣ್ಣ. ಮಕ್ಕಳು ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದಿಡುವುದು ಅವರ ಪದ್ಧತಿ. ಇವತ್ತು ಒಂದೂ ಹೊಳೆಯುತ್ತಿಲ್ಲ. ಹತ್ತು ಗಂಟೆಗೆ ಪಾಲಕರ ಸಭೆ. ಇಪ್ಪತ್ತಮೂರು ವರ್ಷದಿಂದ ನಡೆಸಿಕೊಂಡು ಬಂದ ನೀತಿ ಪಾಠ ಉಳಿಯುತ್ತದೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನವಾಗಲಿದೆ.

"ಗಲತಿ ನಂದ ಅದರಿ," ಎನ್ನುತ್ತಾರೆ. "ಆದ್ರ ನನ್ನ ಗಲತಿಗೆ ಮಕ್ಕಳ ತಾಸು ಯಾಕ ಹೋಗಬೇಕು?"

ಕ್ಯಾಥೊಲಿಕ್ ಸನ್ಯಾಸಿನಿಯರ ಈ ಶಾಲೆಯಲ್ಲಿ ನಾನೂರ ಹತ್ತು ಮಕ್ಕಳಿದ್ದಾರೆ. ಅವರಲ್ಲಿ ಕ್ಯಾಥೊಲಿಕರು ಒಂಬತ್ತೇ ಮಂದಿ. ಅವರ ಧರ್ಮೋಪದೇಶ ಸಿಸ್ಟರ್‌ಗಳದು. ಉಳಿದ ಲಿಂಗಾಯತ, ಮುಸ್ಲಿಂ, ಬೌದ್ಧ ಮನೆಗಳ ಮಕ್ಕಳಿಗೆ ವಾರಕ್ಕೆರಡು ತಾಸು ನೀತಿ ಪಾಠ. ಅದಕ್ಕೊಬ್ಬ ಲಿಂಗಾಯತ ಹೆಣ್ಣುಮಗಳನ್ನು ಇಟ್ಟುಕೊಂಡದ್ದು ಹಿಂದಿನ ಮುಖ್ಯೋಪಾಧ್ಯಾಯಿನಿ. ಇಷ್ಟು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ. ಊರಿನಲ್ಲಿ ಗಣಿತದ ಮಾಸ್ತರರ ಹೆಸರು ಗೊತ್ತಿಲ್ಲದವರಿಲ್ಲ, ಸುಭದ್ರಾಬಾಯಿ ಏನು ಕಲಿಸುತ್ತಾರೆಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ಅವರ ಪಾಠಕ್ಕೆ ಪುಸ್ತಕವಿಲ್ಲ. ಬೋರ್ಡಿನ ಪ್ರಶ್ನೆಯನ್ನು ಮಕ್ಕಳು ಮನೆಗೆ ಒಯ್ದು ಹಿರಿಯರನ್ನು ಕೇಳಿ ಬರಬೇಕು, ಅಷ್ಟೆ. ಮೊದಲೆಲ್ಲ ಉತ್ತರಗಳು ಬರುತ್ತಿದ್ದವು. ಈಗ ಮಕ್ಕಳೇ ತಿರುಗಿ ಪ್ರಶ್ನೆ ಹಾಕುತ್ತಾರೆ. "ಪ್ರಾರ್ಥನೆ ಮಾಡಿದ್ರ ಮಾರ್ಕ್ಸ್ ಬರ್ತಾವಂದ್ರ ಟ್ಯೂಶನ್ ಯಾಕ್ರಿ ಟೀಚರ್?" ಎಂದು ಹತ್ತನೇ ತರಗತಿಯ ಫರಹೀನ ಕೇಳಿದಾಗ ಅವರಿಗೂ ನಗು ತಡೆಯಲಾಗಲಿಲ್ಲವಂತೆ. ಮೊಬೈಲಿನಲ್ಲಿ ಅರ್ಧ ನಿಮಿಷದ ಪ್ರವಚನ ಕೇಳಿ ಧ್ಯಾನದ ಬಗ್ಗೆ ಭಾಷಣ ಬಿಗಿಯುವವರಿದ್ದಾರೆ, ದೇವರೇ ಇಲ್ಲ ಎನ್ನುವವರೂ ಇದ್ದಾರೆ.

"ಇಲ್ಲ ಅನ್ನಾವ್ರ ಮ್ಯಾಲ ನನಗ ಸಿಟ್ಟಿಲ್ರಿ," ಎನ್ನುತ್ತಾರೆ ಸುಭದ್ರಾಬಾಯಿ. "ಅವ್ರು ವಿಚಾರನಾದ್ರೂ ಮಾಡಾಕತ್ತಾರ. ಏನೂ ಕೇಳದ ಕುಂತಾವ್ರದ ಚಿಂತಿ ನನಗ."

ಎಡವಟ್ಟಾದದ್ದು ಕಳೆದ ವಾರ, ಬೂದಿ ಬುಧವಾರದಂದು. ಕ್ರೈಸ್ತರ ನಲವತ್ತು ದಿನಗಳ ಉಪವಾಸ ಶುರುವಾಗುವ ಆ ದಿನ ಪಾದ್ರಿಗಳು ಹಣೆಗೆ ಬೂದಿಯಲ್ಲಿ ಶಿಲುಬೆಯ ಗುರುತು ಹಾಕುತ್ತಾರೆ. ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಒಂಬತ್ತು ಮಕ್ಕಳು ಪಾಳಿ ಹಚ್ಚಿ, ಸಾಲಾಗಿ ನಿಂತರು. ಹೊರಗೆ ನಿಂತಿದ್ದ ಉಳಿದ ಮಕ್ಕಳು, ನಾವೂ ಹೋಗಲೇ ಟೀಚರ್, ಎಂದು ಕೇಳಿದರು. ದಿನ ಬೆಳಗಾದರೆ ಬೂದಿ ಹಚ್ಚಿಕೊಳ್ಳುವ ಸುಭದ್ರಾಬಾಯಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೋಗ್ರಿ ಎಂದುಬಿಟ್ಟರು. ಮೂವತ್ತೊಂದು ಮಕ್ಕಳು ಒಳಗೆ ಹೋದರು. ಊರಿಗೆ ಹೊಸಬರಾದ ಪಾದ್ರಿಗಳಿಗೆ ಯಾರು ಯಾವ ಮನೆಯವರೆಂದು ಗೊತ್ತಿರಲಿಲ್ಲ, ಎಲ್ಲರಿಗೂ ಹಚ್ಚಿದರು.

ಅಂದು ಬಸ್ ನಿಲ್ದಾಣದಲ್ಲಿ, ಹಣೆಯ ಮೇಲೆ ಬೂದಿಯ ಶಿಲುಬೆಯಿದ್ದ ಒಂಬತ್ತನೇ ತರಗತಿಯ ಸುನಿತಾಳ ಫೋಟೊವನ್ನು ಯಾರೋ ಹೊಡೆದರು. ಸಂಜೆಯೊಳಗೆ ಅದು, ಮಕ್ಕಳ ಮತಾಂತರ ನಡೆದಿದೆ ಎಂಬ ಬರಹ ಹೊತ್ತು ಊರಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲೆಲ್ಲ ಓಡಾಡಿತು. ಮರುದಿನ ಗೇಟಿನ ಮುಂದೆ ಜನ ಸೇರಿದರು, ಪೊಲೀಸ್ ಜೀಪೂ ಬಂತು.

ಒಂಬತ್ತೂವರೆಗೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಐರಿನ್ ಕೋಣೆಗೆ ಬರುತ್ತಾರೆ. ಮಂಗಳೂರಿನ ಕಡೆಯವರು, ನಾಲ್ಕು ದಿನದಿಂದ ನಿದ್ದೆಗೆಟ್ಟವರು. "ನೀವು ಏನೂ ಮಾತಾಡ್ಬೇಡಿ ಟೀಚರ್. ಮಕ್ಕಳು ಅವರಾಗಿಯೇ ಬಂದದ್ದು ಅಂತ ನಾನು ಹೇಳ್ತೇನೆ," ಎನ್ನುತ್ತಾರೆ. ಸುಭದ್ರಾಬಾಯಿಯನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸು ಸಿಸ್ಟರ್‌ದು. ಆದರೆ ಆ ಮಾತು ಒಪ್ಪಿದರೆ ತಪ್ಪೆಲ್ಲ ಮಕ್ಕಳ ತಲೆಗೆ ಬರುತ್ತದೆ.

ಸಭೆಯಲ್ಲಿ ಕಾಲಿಡಲು ಜಾಗವಿಲ್ಲ. ಸುನಿತಾಳ ತಂದೆ, ತೊಗರಿ ವ್ಯಾಪಾರಿ ಬಸವಂತರಾಯರು ಮಗಳ ಕೈ ಹಿಡಿದೇ ಎದ್ದು ನಿಲ್ಲುತ್ತಾರೆ. "ಮಕ್ಕಳನ್ನ ಒಳಗ ಕಳಿಸಿದವ್ರು ಯಾರು?"

ಸಿಸ್ಟರ್ ಬಾಯಿ ತೆರೆಯುವ ಮೊದಲೇ ಸುಭದ್ರಾಬಾಯಿ ಏಳುತ್ತಾರೆ. "ನಾನ್ರಿ. ಮಕ್ಕಳು ನನ್ನ ಕೇಳೇ ಹೋಗ್ಯಾರ. ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಮಾಫ್ ಮಾಡ್ರಿ."

ಗದ್ದಲವೇಳುತ್ತದೆ. ಬಸವಂತರಾಯರ ಸಿಟ್ಟು ಮಾತ್ರ ಬೇರೆ ಕಡೆ ಹೊರಳುತ್ತದೆ. "ಮನ್ಯಾಗ ಎಷ್ಟ್ ಹೇಳಿದ್ರೂ ಇಕಿ ವಿಭೂತಿ ಮುಟ್ಟಂಗಿಲ್ಲ. ಹಳೀ ಕಾಲದ್ದು ಅಂತಾಳ. ಇಲ್ಲಿ ಪಾಳಿ ಹಚ್ಚಿ ನಿಂತಾಳಂದ್ರ ಏನ್ ತಲಿ ತುಂಬೀರಿ ನೀವು?"

ಉತ್ತರ ಕೊಟ್ಟವಳು ಸುನಿತಾ. "ಮನ್ಯಾಗ ಯಾಕ ಹಚ್ಕೋಬೇಕು ಅಂತ ಕೇಳಿದ್ರ ಬಾಯಿ ಮುಚ್ಚು ಅಂತೀರಿ, ಅಪ್ಪಾ. ಫಾದರ್ ಹಚ್ಚೂಮುಂದ, ನೀ ಮಣ್ಣು, ಮಣ್ಣಿಗೇ ಹೋಗಾಕಿ ಅಂದ್ರು. ಯಾರರ ಏನರ ಹೇಳಿದ್ರಲ್ಲ ಅಂತ ಅನಸ್ತು." ಬಸವಂತರಾಯರು ಮಗಳ ಕೈ ಬಿಟ್ಟು ಕುರ್ಚಿಯಲ್ಲಿ ಕೂರುತ್ತಾರೆ.

ಉಳಿದವರು ಬಿಡುವವರಲ್ಲ. ಜೂನ್‌ನಿಂದ ನೀತಿ ಪಾಠ ರದ್ದು, ಆ ಎರಡು ತಾಸು ಗಣಿತಕ್ಕೆ ಎಂದು ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ, ಪಾಲಕರು ಒಪ್ಪಿಗೆ ಬರೆದುಕೊಟ್ಟ ಮಕ್ಕಳಿಗೆ ಮಾತ್ರ ಪಾಠ. ಲೆಕ್ಕ ಹಾಕಿದರೆ ವಾರ್ಷಿಕ ಪರೀಕ್ಷೆಗೆ ಇನ್ನು ನಾಲ್ಕು ವಾರ. ಸುಭದ್ರಾಬಾಯಿ ಒಪ್ಪಿ ತಲೆಯಾಡಿಸುತ್ತಾರೆ.

ಜನ ಚದುರುವಾಗ ಅವರು ಬಸವಂತರಾಯರ ಹತ್ತಿರ ಹೋಗಿ, ಬರುವ ವಾರ ಒಂದು ದಿನ ತರಗತಿಗೆ ಬಂದು, ವಿಭೂತಿ ಯಾಕೆ ಹಚ್ಚುತ್ತೇವೆಂದು ಮಕ್ಕಳಿಗೆ ಹೇಳಬೇಕೆಂದು ಕೇಳುತ್ತಾರೆ. ಬಸವಂತರಾಯರು ನೆಲ ನೋಡುತ್ತ ಹೊರಡುತ್ತಾರೆ.

"ಅವ್ರಿಗೂ ಗೊತ್ತಿರ್ಲಿಕ್ಕಿಲ್ರಿ. ಮನಿಗೆ ಹೋಗಿ ಅವ್ರ ಅವ್ವಗ ಕೇಳ್ತಾರ," ಎನ್ನುತ್ತಾರೆ ಸುಭದ್ರಾಬಾಯಿ. "ಕೇಳಿದ್ರ ಸಾಕ್ರಿ. ಇಪ್ಪತ್ತಮೂರು ವರ್ಷ ನಾ ಕಲಿಸಿದ್ದು ಅದೊಂದ."