ಇಸ್ತ್ರಿ ಅಕ್ಕನ ಅಪಸ್ವರ

ಭೂಕಂಪ ಆದಮೇಲೆ ನಮ್ಮ ಬೀದಿಯಲ್ಲಿ ಯಾರೂ ಚಿಲಕ ಹಾಕಿಕೊಂಡು ಸ್ನಾನ ಮಾಡುತ್ತಿರಲಿಲ್ಲ. ನಗಬೇಡಿ. ತಲೆಗೆ ಸೋಪು ಹಚ್ಚಿಕೊಂಡಾಗಲೇ ನೆಲ ಅಲುಗಿದರೆ ಏನು ಗತಿ? ಮನೆಯವರಲ್ಲಿ ಒಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು, ಒಳಗಿದ್ದವರು ಮೈಮೇಲೆ ನೀರು ಸುರಿದುಕೊಂಡ ಶಾಸ್ತ್ರ ಮಾಡಿ ಓಡಿಬರುವುದು. ನಾನು ಬಸ್ಸಿನಲ್ಲಿ ಟಿಕೆಟ್ ಕೊಡುವವಳು, ದಿನವಿಡೀ ಅಲುಗಾಡುವ ನೆಲದ ಮೇಲೇ ನಿಂತು ಬದುಕುವವಳು. ಅಂಥ ನನಗೂ ಸಂಜೆ ಬಸ್ಸಿನಿಂದ ಇಳಿದ ಕೂಡಲೇ ನೆಲ ನಿಂತಿದೆಯೋ ಇಲ್ಲವೋ ಎಂದು ಕಾಲಲ್ಲಿ ತಟ್ಟಿ ನೋಡುವ ಚಟ ಹತ್ತಿತ್ತು.

ನಮ್ಮ ಮನೆಯ ಹಿಂಭಾಗದ ಚಾವಣಿ ಪೂರ್ತಿ ಕುಸಿದಿತ್ತು. ಮುಂದಿನ ಗೋಡೆ, ಅದಕ್ಕೆ ಅಂಟಿಕೊಂಡ ಹಾಲ್ ಮತ್ತು ನಮ್ಮ ಅತ್ತೆಯ ಕೋಣೆ ಮಾತ್ರ ಹೇಗೋ ನಿಂತಿದ್ದವು. ನಿಂತಿದ್ದವು ಅನ್ನುವುದು ಮರ್ಯಾದೆಗೆ. ಗೋಡೆ ಬೀದಿಯ ಕಡೆ ವಾಲಿತ್ತು. ಆ ಬೀದಿಯಲ್ಲೇ ನಮ್ಮೆಲ್ಲರ ಟಾರ್ಪಾಲಿನ ಡೇರೆಗಳು.

ಮನೆ ಕಟ್ಟಿಕೊಡಲು ಬಂದವರು ತಿರುವಿನಲ್ಲಿರುವ ಚರ್ಚಿನ ಹಾಡುಗಾರರ ತಂಡದವರು. ನಾವು ಆ ಚರ್ಚಿಗೆ ಸೇರಿದವರಲ್ಲ. ಅವರು ಅದನ್ನು ಕೇಳಲೂ ಇಲ್ಲ. ಗುದ್ದಲಿ, ಬುಟ್ಟಿ, ಹಗ್ಗ ಹಿಡಿದುಕೊಂಡು ಬಂದರು, ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೋ ಅವರ ಮನೆಯಿಂದ ಶುರು ಅಂದರು. ಅವರಿಗೆ ಮುಂದಾಳು ಹಾಡು ಕಲಿಸುವ ಮೇಷ್ಟ್ರು. ಕಡ್ಡಿಯಂಥ ಮನುಷ್ಯ, ಮಂಡಿನೋವು ಬೇರೆ, ಒಂದು ಇಟ್ಟಿಗೆ ಎತ್ತಿದರೆ ಎರಡು ಸಲ ನಿಟ್ಟುಸಿರು. ಆದರೂ ಅವರು ಕೈ ಎತ್ತಿದರೆ ಇಡೀ ತಂಡ ಗಪ್‌ಚುಪ್. ಅಭ್ಯಾಸದಲ್ಲಿ ಯಾರಾದರೂ ಒಂದೇ ಒಂದು ಸ್ವರ ಆಚೀಚೆ ಮಾಡಿದರೂ ಸಾಕು, ಕೈ ಮೇಲೆ, ಹಾಡು ಬಂದ್, "ಯಾರದು?" ಅಂತ ಒಂದು ಪ್ರಶ್ನೆ. ಆ ಪ್ರಶ್ನೆಗೆ ಗಡ್ಡಮೀಸೆ ಬಂದ ಗಂಡಸರೂ ನಡುಗುತ್ತಿದ್ದರಂತೆ.

ಕೆಲಸಕ್ಕೆ ಅವರೇ ಒಂದು ಕ್ರಮ ಮಾಡಿದ್ದರು. ಬಿರುಕುಬಿಟ್ಟ ಮನೆಯೊಳಗೆ ಹೋದವರು ಹಾಡುತ್ತಲೇ ಇರಬೇಕು. ಮೇಷ್ಟ್ರು ಹೊರಗೆ ಕಣ್ಣುಮುಚ್ಚಿ ನಿಂತಿರುತ್ತಾರೆ. ಒಬ್ಬೊಬ್ಬರ ದನಿಯೂ ಅವರಿಗೆ ಸ್ವಂತ ಮಕ್ಕಳ ದನಿಯಷ್ಟೇ ಗುರುತು. ಒಂದು ದನಿ ನಿಂತರೂ ಅವರಿಗೆ ಗೊತ್ತಾಗುತ್ತದೆ, ಜನ ಓಡುತ್ತಾರೆ. ಮೊದಲ ದಿನ ನಾನು ಮೂಗು ಮುರಿದೆ, ಇದೇನು ಮನೆ ಕಟ್ಟುವುದೋ ಮದುವೆ ಮನೆಯೋ ಅಂತ. ಮಾರನೇ ದಿನ ಪಕ್ಕದ ಮನೆಯಲ್ಲಿ ಒಬ್ಬನ ಕಾಲಮೇಲೆ ತೊಲೆ ಬಿತ್ತು. ಅವನು ಕೂಗುವ ಮೊದಲೇ ಮೇಷ್ಟ್ರು, "ನಮ್ಮ ಬಡಗಿ ನಿಲ್ಲಿಸಿದ, ಹೋಗಿ ನೋಡಿ!" ಅಂದರು. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಈ ತಂಡದಲ್ಲೇ ಇದ್ದಳು ನಮ್ಮ ಇಸ್ತ್ರಿ ಅಕ್ಕ.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಹಲಗೆಯ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಹಳೇ ಕಂಬಳಿ, ಕೆಂಡದ ಇಸ್ತ್ರಿ ಪೆಟ್ಟಿಗೆ. ಅದೇ ಅವಳ ಅಂಗಡಿ. ವರ್ಷಗಟ್ಟಲೆ ಆ ಭಾರ ತಳ್ಳಿ ತಳ್ಳಿ ಬಲಗಡೆಯ ಭುಜ ಎಡಗಡೆಯದಕ್ಕಿಂತ ಕೆಳಗಿಳಿದಿತ್ತು. ನನ್ನ ಯೂನಿಫಾರ್ಮಿನ ತೋಳಿನ ಗೆರೆ ನೋಡಿದರೆ ಸಾಕು, ಅವಳು ಅವತ್ತು ಖುಷಿಯಾಗಿದ್ದಳೋ ಬೇಜಾರಿನಲ್ಲಿದ್ದಳೋ ನಾನು ಹೇಳುತ್ತಿದ್ದೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳನ್ನು ಮದುವೆ ಮಾಡಿ ದೂರದ ಊರಿಗೆ ಕಳಿಸಿದ್ದಳು. ಮಹಾ ಪುಕ್ಕಲು ಹೆಂಗಸು. ಜಿರಲೆ ಕಂಡರೆ ಭಯ, ಗುಡುಗಿದರೆ ಭಯ, ಡಾಕ್ಟರ ಕೋಟು ಇಸ್ತ್ರಿ ಮಾಡಲು ಬಂದರೂ ಭಯ. ಭೂಕಂಪದಲ್ಲಿ ಅವಳ ಮನೆಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಆದರೂ ಅವಳು ಒಳಗೆ ಮಲಗುತ್ತಿರಲಿಲ್ಲ.

"ಇಷ್ಟು ಹೆದರ್ತೀಯ, ಮತ್ತೆ ಬಿದ್ದುಹೋಗೋ ಮನೆಯೊಳಗೆ ಯಾಕೆ ನುಗ್ತೀಯ?" ಅಂತ ಒಮ್ಮೆ ಕೇಳಿದೆ.

"ಒಬ್ಬಳೇ ಕೂತು ಹೆದರೋದಕ್ಕಿಂತ ನಾಲ್ಕು ಜನರ ಜೊತೆ ಹೆದರೋದು ವಾಸಿ ಕಣೇ," ಅಂದಳು.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು, ಆದರೆ ಈಗಲೇ ಹೇಳಿಬಿಡುತ್ತೇನೆ. ಅಕ್ಕ ಆ ತಂಡದಲ್ಲಿ ಒಂದೇ ಒಂದು ಸಲ ಬಿಟ್ಟರೆ ಯಾವತ್ತೂ ಹಾಡಿರಲೇ ಇಲ್ಲ. ಚಿಕ್ಕ ವಯಸ್ಸಿನಲ್ಲಿ ಸೇರಿದ ಹೊಸದರಲ್ಲಿ ಒಮ್ಮೆ ದನಿ ಎತ್ತಿದ್ದಳು. ಮೇಷ್ಟ್ರ ಕೈ ಮೇಲೆ ಹೋಯಿತು, "ಯಾರದು?" ಅಂದರು. ಅಕ್ಕ ತಾನೆಂದು ಹೇಳದೆ ತಲೆ ತಗ್ಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಬಿಟ್ಟು ಹೋಗೋಣ ಅಂದರೆ ಭಾನುವಾರ ಆ ಜನರ ನಡುವೆ ನಿಲ್ಲುವ ಸುಖ ಬಿಡಲು ಮನಸ್ಸಾಗಲಿಲ್ಲ. ಅಂದಿನಿಂದ ತುಟಿ ಮಾತ್ರ. ಒಂದೊಂದು ಪದಕ್ಕೂ ಸರಿಯಾಗಿ ಬಾಯಿ ತೆರೆಯುವಳು, ಕಣ್ಣು ತುಂಬುವಳು, ಉಸಿರು ಕೂಡ ಎಳೆದುಕೊಳ್ಳುವಳು. ಸದ್ದು ಮಾತ್ರ ಇಲ್ಲ. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಿರಲಿಲ್ಲ. ನಮ್ಮ ಮನೆಯೊಳಗೆ ಕೆಲಸಕ್ಕೆ ಹೋದಾಗಲೂ ಅದೇ ಅಭ್ಯಾಸ. ಯಾವತ್ತೂ ಕೇಳದ ದನಿ ನಿಂತಿತೆಂದು ಮೇಷ್ಟ್ರಿಗೆ ಹೇಗೆ ತಿಳಿಯಬೇಕು?

ಆ ದಿನ ಮಧ್ಯಾಹ್ನ ತಂಡದ ಕೆಲವರು ಹಾಲ್‌ನ ಕಿಟಕಿ ಚೌಕಟ್ಟುಗಳನ್ನು ಬಿಚ್ಚಿ ತರಲು ಒಳಗೆ ಹೋದರು. ಹೊಸ ಮನೆಗೆ ಅದೇ ಮರ ಬಳಸುವುದೆಂದು ತೀರ್ಮಾನವಾಗಿತ್ತು. ಎಲ್ಲರೂ ಧೂಳಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಟ್ಟೆಯ ಒಳಗಿಂದಲೇ ಹಾಡುತ್ತಿದ್ದರು. ಡೇರೆಯಲ್ಲಿ ಕುಳಿತ ನಮ್ಮ ಅತ್ತೆ ಎಂದಿನಂತೆ ರಾಗ ಎಳೆಯುತ್ತಿದ್ದರು: "ನನ್ನ ಕನ್ನಡಕ ಒಳಗೇ ಉಳೀತು, ನನಗೆ ಯಾರ ಮುಖವೂ ಕಾಣಲ್ಲ." ಸೊಸೆಯ ಮುಖ ಕಾಣದಿದ್ದರೆ ಅವರಿಗೇನು ನಷ್ಟವೋ ನನಗೆ ಗೊತ್ತಿಲ್ಲ. ಆದರೆ ಅಕ್ಕನಿಗೆ ಕರುಳು ಚುರುಕ್ ಅಂದಿದೆ. ಯಾರಿಗೂ ಹೇಳದೆ ಹಾಲ್‌ನಿಂದ ಪಕ್ಕದ ಕೋಣೆಗೆ ಹೋಗಿ, ಅತ್ತೆಯ ಕಬ್ಬಿಣದ ಮಂಚದ ಕೆಳಗೆ ತಲೆ ಹಾಕಿದ್ದಾಳೆ.

ಆಗಲೇ ನೆಲ ಅಲುಗಿತು.

ನನಗೆ ನೆನಪಿರುವುದು ಆ ಸದ್ದು. ಮಣ್ಣಿನ ಅಡಿಯಿಂದ ಯಾರೋ ಹಲ್ಲು ಕಡಿದ ಹಾಗೆ. ಅತ್ತೆಯನ್ನು ಬಾಚಿ ತಬ್ಬಿಕೊಂಡು ಬೀದಿಯ ನಡುವೆ ಕುಳಿತುಬಿಟ್ಟೆ. ಒಳಗಿದ್ದವರು ಹೊರಗೆ ಓಡಿ ಬಂದರು, ಹಿಂದೆಯೇ ದೊಪ್ಪೆಂದು ಏನೋ ಬಿತ್ತು, ಧೂಳಿನಲ್ಲಿ ಯಾರು ಯಾರೆಂದೂ ಕಾಣಲಿಲ್ಲ. ಮೇಷ್ಟ್ರು ಕೆಮ್ಮುತ್ತಲೇ ಕೂಗಿದರು, "ಒಂದು ಸಾಲು! ಎಲ್ಲರೂ ಒಂದು ಸಾಲು ಹಾಡಿ!"

ಹಾಡಿದರು. ಅಳುತ್ತಾ, ನಡುಗುತ್ತಾ. ಮೇಷ್ಟ್ರು ಕಣ್ಣುಮುಚ್ಚಿ ಕೇಳಿದರು, ಮುಖದ ಬಿಗಿ ಸಡಿಲವಾಯಿತು. "ದೇವರು ದೊಡ್ಡವನು. ಎಲ್ಲರೂ ಬಂದಿದ್ದಾರೆ."

ಅಕ್ಕ ಒಳಗೇ ಇದ್ದಳು. ಹಾಲ್‌ಗೂ ಕೋಣೆಗೂ ನಡುವಿನ ಗೋಡೆ ಬಾಗಿಲಿಗೆ ಅಡ್ಡ ಬಿದ್ದು, ಅವಳು ಮಂಚದ ಕೆಳಗೆ ಸಿಕ್ಕಿಕೊಂಡಿದ್ದಳು. ಬಲಗೈ ಇಟ್ಟಿಗೆಗಳ ಅಡಿಯಲ್ಲಿ. ಬಾಯಿಗೆ ಕಟ್ಟಿದ ಬಟ್ಟೆ ಕಳಚಿ ಬಾಯಿ ತುಂಬ ಸುಣ್ಣದ ಪುಡಿ. ಕೂಗಲು ಹೋದಳು, ದನಿ ಬರಲಿಲ್ಲ. ಎಡಗೈಯಿಂದ ಮಂಚದ ಕಾಲನ್ನು ಬಡಿದಳು. ಅಷ್ಟು ಹೊತ್ತಿಗೆ ಬೀದಿಯ ತುಂಬ ಬಡಿತಗಳೇ, ಜನ ಡೇರೆಯ ಗೂಟ ಮತ್ತೆ ಹೊಡೆಯುತ್ತಿದ್ದರು. ಅವಳ ಬಡಿತ ಅದರಲ್ಲೇ ಕರಗಿಹೋಯಿತು.

ಹೊರಗೆ ನಮಗೆ ಬೇರೆಯೇ ಭಯ. ಮುಂದಿನ ಗೋಡೆ ಈಗ ಡೇರೆಗಳ ಮೇಲೆ ಬಾಗಿ ನಿಂತಿತ್ತು. ಇನ್ನೊಂದು ಸಲ ಅಲುಗಿದರೆ ಬೀದಿಯ ಮೇಲೇ ಬೀಳುತ್ತದೆ. "ಈಗಲೇ ಒಳಗಡೆಗೆ ಕೆಡವೋಣ," ಅಂದರು ಮೇಷ್ಟ್ರು. ನಮ್ಮ ಮನೆಯವರು ಬೀದಿಯ ಕಡೆಯಿಂದ, ಹಾಲ್‌ನಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ಕಿಟಕಿಗೆ ದಪ್ಪ ಹಗ್ಗ ಕಟ್ಟಿ ಒಳಕ್ಕೆ ಎಸೆದರು. ಅತ್ತೆಯ ಕೋಣೆಯ ಕಿಟಕಿ ಮುಚ್ಚಿಯೇ ಇತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. ನಾವು ಸುತ್ತಿ ಹಿತ್ತಲಿಗೆ ಬಂದು ಹಗ್ಗದ ತುದಿ ಹಿಡಿದೆವು. ಹಗ್ಗ ಎಳೆಯುವುದಕ್ಕೂ ಅವರಿಗೆ ಹಾಡೇ. ಕೊನೆಯ ಸಾಲಿನ ಕೊನೆಯ ಪದ ಉದ್ದವಾಗಿ ಹೋಗುತ್ತದೆ, ಆಗ ಎಲ್ಲರೂ ಒಟ್ಟಿಗೆ ಮೈಭಾರ ಬಿಟ್ಟು ಎಳೆಯಬೇಕು.

"ಅಕ್ಕ ಎಲ್ಲಿ?" ಅಂದೆ ನಾನು. ಸುಮ್ಮನೆ ಬಾಯಿಗೆ ಬಂತು.

"ಚಹಾ ಮಾಡೋಕೆ ಚರ್ಚಿನ ಕಡೆ ಹೋಗಿರ್ತಾಳೆ. ಈ ಹೊತ್ತಿಗೆ ದಿನಾ ಹೋಗ್ತಾಳಲ್ಲ," ಅಂದಳು ನನ್ನ ಮುಂದೆ ಹಗ್ಗ ಹಿಡಿದಿದ್ದ, ಅದೇ ತಂಡದ ನರ್ಸಮ್ಮ. ನಿಜವೇ, ದಿನಾ ಹೋಗುತ್ತಿದ್ದಳು. ನಾನು ಅಂಗೈಗೆ ಮಣ್ಣು ಉಜ್ಜಿಕೊಂಡು ಹಗ್ಗ ಬಿಗಿಯಾಗಿ ಹಿಡಿದೆ.

ಹಾಡು ಶುರುವಾಯಿತು.

ಅಕ್ಕನಿಗೆ ಅದು ಸ್ಪಷ್ಟವಾಗಿ ಕೇಳಿತು. ಆ ಹಾಡು ಯಾವ ಕೆಲಸದ್ದೆಂದು ಅವಳಿಗೂ ಗೊತ್ತು. ಬೇರೆ ಮನೆಗಳ ಗೋಡೆ ಕೆಡವುವಾಗ ಅವಳೂ ಹಗ್ಗ ಎಳೆದವಳೇ. ತಲೆಯ ಮೇಲಿನ ಗೋಡೆಯನ್ನು ನೋಡಿದಳು. ಮೊದಲ ಸಾಲು ಮುಗಿಯಿತು. ಜೀವ ಬಾಯಿಗೆ ಬಂದಿತ್ತು, ದನಿ ಮಾತ್ರ ಬರಲೊಲ್ಲದು. ಆ ಹೊತ್ತಿನಲ್ಲಿ ಮಗಳ ಮುಖವೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ, ಕೆಂಡದ ಪೆಟ್ಟಿಗೆ ಆರಿಸಿ ಬಂದೆನೋ ಇಲ್ಲವೋ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು ಅಂತ ಆಮೇಲೆ ನನಗೆ ಹೇಳಿದಳು. ಎರಡನೇ ಸಾಲೂ ಮುಗಿಯಿತು. ಅಷ್ಟರಲ್ಲಿ ಅವಳ ತುಟಿ ತಾನಾಗಿಯೇ ಆಡತೊಡಗಿತ್ತು. ಅಷ್ಟು ವರ್ಷದ ರೂಢಿ, ಹಾಡು ಕೇಳಿದರೆ ತುಟಿ ಸುಮ್ಮನಿರುವುದಿಲ್ಲ. ಸದ್ದಿಲ್ಲದೆ ಅವರ ಜೊತೆಗೇ ಹೋದಳು, ತನ್ನ ಮೇಲೆ ಗೋಡೆ ಕೆಡವುವ ಹಾಡಿಗೆ ತಾನೇ ಬಾಯಿ ಆಡಿಸುತ್ತಾ.

ಹಿತ್ತಲಲ್ಲಿ ಕೊನೆಯ ಸಾಲು ಬಂತು. ಹಗ್ಗ ಬಿಗಿಯಾಯಿತು. ನಾನು ಕಾಲು ಊರಿ ಹಿಂದಕ್ಕೆ ವಾಲಿದೆ.

ಆಗ ಮೇಷ್ಟ್ರ ಕೈ ಮೇಲೆ ಹೋಯಿತು.

ಹಾಡು ಕತ್ತರಿಸಿದ ಹಾಗೆ ನಿಂತಿತು. ಹಗ್ಗ ಹಿಡಿದವರೆಲ್ಲ ಹಾಗೇ ಬೊಂಬೆಗಳಾದರು. ಮೇಷ್ಟ್ರ ಹುಬ್ಬು ಗಂಟಿಕ್ಕಿತ್ತು. ಅಂಥ ಹೊತ್ತಿನಲ್ಲೂ, ಬಾಗಿದ ಗೋಡೆ ಮುಂದಿದ್ದರೂ, ಆ ಮನುಷ್ಯನಿಗೆ ಕಿವಿಯೇ ಮುಖ್ಯ.

"ಯಾರದು?" ಅಂದರು.

ಆ ಮೌನದಲ್ಲಿ ನನಗೂ ಕೇಳಿಸಿತು. ಮನೆಯ ಒಳಗಿಂದ, ಕೊನೆಯ ಸಾಲಿನ ಕೊನೆಯ ಪದ. ಒಡಕು, ಒರಟು, ಇರಬೇಕಾದ ಸ್ವರಕ್ಕಿಂತ ಎಷ್ಟೋ ಕೆಳಗೆ. ಕೀಲಿಗೆ ಎಣ್ಣೆ ಇಲ್ಲದ ಬಾಗಿಲಿನಂಥ ದನಿ. ನಿಲ್ಲಿಸಿದರೆ ಸತ್ತೇಹೋಗುತ್ತೇನೆ ಅನ್ನುವ ಹಾಗೆ ಆ ಒಂದೇ ಪದವನ್ನು ಎಳೆಯುತ್ತಲೇ ಇತ್ತು.

ನಾನು ಹಗ್ಗ ಬಿಟ್ಟೆ. "ಒಳಗೆ ಜನ ಇದ್ದಾರೆ!" ಅಂತ ಕಿರುಚಿದೆ. ನನ್ನ ಗಂಟಲು ತುಂಬಿದ ಬಸ್ಸಿನ ಹಿಂಬಾಗಿಲಿಗೂ ಮುಟ್ಟುವಂಥದ್ದು. ಅವತ್ತು ಅದು ನನಗೇ ಕೇಳಿಸಲಿಲ್ಲ.

ಮುಂದಿನದು ಭಯದಲ್ಲೇ ನಡೆಯಿತು. ಗೋಡೆಗೆ ಬೀದಿಯ ಕಡೆಯಿಂದಲೂ ಒಳಗಿನಿಂದಲೂ ತೊಲೆಗಳ ಆಸರೆ ಕೊಟ್ಟರು, ಅಡ್ಡಬಿದ್ದ ಇಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಅಕ್ಕ ಹಾಡು ನಿಲ್ಲಿಸಿದಾಗಲೆಲ್ಲ ಮೇಷ್ಟ್ರು, "ಹಾಡಮ್ಮ, ಹಾಡು, ನಿಲ್ಲಿಸಬೇಡ!" ಅಂತ ಕೂಗುತ್ತಿದ್ದರು. ಮಂಚ ಎತ್ತಿದಾಗ ಅವಳ ಬಲಗೈ ಮುರಿದಿತ್ತು, ಎಡಗೈಯಲ್ಲಿ ಅತ್ತೆಯ ಕನ್ನಡಕ ಇತ್ತು. ಒಂದು ಗಾಜು ಒಡೆದಿತ್ತು. ಅತ್ತೆ ಅದನ್ನು ಆಗಲೇ ಗಮನಿಸಿದರು, ಆದರೆ ನನ್ನ ಮುಖ ನೋಡಿ ಸುಮ್ಮನಾದರು.

ಅಕ್ಕ ಮೇಷ್ಟ್ರನ್ನು ಕಂಡ ಕೂಡಲೇ ಹೆದರಿಬಿಟ್ಟಳು. ಸಾವಿನ ಬಾಯಿಂದ ಬಂದವಳು ಹೇಳಿದ ಮೊದಲ ಮಾತು, "ತಪ್ಪಾಯ್ತು ಮೇಷ್ಟ್ರೇ, ಸ್ವರ ಸೇರಲಿಲ್ಲ."

"ನಿನ್ನ ದನಿ ನಾನು ಯಾವತ್ತೂ ಕೇಳೇ ಇಲ್ವಲ್ಲಮ್ಮ," ಅಂದರು ಮೇಷ್ಟ್ರು.

"ತುಟಿ ಮಾತ್ರ ಆಡಿಸ್ತಿದ್ದೆ. ನೀವು ಒಂದು ಸಲ ಕೈ ಎತ್ತಿದ್ರಲ್ಲ, ಆವತ್ತಿಂದ."

ಮೇಷ್ಟ್ರು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕುಳಿತರು. ಯಾವಾಗಲೂ ಎತ್ತುತ್ತಿದ್ದ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ಅವರು ಅತ್ತದ್ದನ್ನು ನಾನು ನೋಡಿದೆ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಅಂಗೈಯಲ್ಲಿ ಹಗ್ಗದ ಗೆರೆ ಇನ್ನೂ ಕೆಂಪಗೆ ಉರಿಯುತ್ತಿತ್ತು.

ಅಕ್ಕನ ಕೈ ಕೂಡಿತು, ಹಳೆಯಷ್ಟು ನೆಟ್ಟಗಲ್ಲ. ಈಗ ನನ್ನ ತೋಳಿನ ಗೆರೆ ಸ್ವಲ್ಪ ಸೊಟ್ಟ, ನಾನು ಹಾಗೇ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ನಮ್ಮ ಮನೆಯ ಹೊಸ ಗೋಡೆಗಳು ಎದ್ದವು, ಚಾವಣಿ ಕೂತಿತು. ಕೊನೆಯ ದಿನ ಅತ್ತೆಯ ಕೋಣೆಗೆ ಹಳೇ ಕಿಟಕಿ ಕೂರಿಸುವಾಗ ಚೌಕಟ್ಟು ಹಿಡಿದುಕೊಳ್ಳಲು ಅಕ್ಕನೇ ಒಳಗೆ ಹೋದಳು. ಜೋರಾಗಿ ಹಾಡುತ್ತಾ. ಅಯ್ಯೋ ದೇವರೇ, ಅದೆಂಥ ಹಾಡು! ಬಡಗಿ ಕಿವಿ ಮುಚ್ಚಿಕೊಂಡು ನಕ್ಕ. ಅತ್ತೆ, "ಒಡೆದ ಕನ್ನಡಕ ಬೇಕಾದ್ರೆ ಸಹಿಸ್ಕೋತೀನಿ, ಇದನ್ನಲ್ಲ," ಅಂದರು. ನಾನೂ ನಗುತ್ತಿದ್ದೆ.

ಒಮ್ಮೆಲೇ ಹಾಡು ನಿಂತಿತು.

ಬಡಗಿಯ ಕೈಯಿಂದ ಉಳಿ ಬಿತ್ತು. ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವರು ಮೇಷ್ಟ್ರು, ಮಂಡಿನೋವಿನ ಆ ಮನುಷ್ಯ, ಚಪ್ಪಲಿ ಅಂಗಳದಲ್ಲೇ ಬಿಟ್ಟು ಓಡಿದ್ದರು. ನಾವು ಹಿಂದೆಯೇ ನುಗ್ಗಿದೆವು.

ಅಕ್ಕ ಕಿಟಕಿಗೆ ಭುಜ ಕೊಟ್ಟು ನಿಂತಿದ್ದಳು, ಎಡಗೈಯಲ್ಲಿ ಲೋಟ. "ನೀರು ಕುಡೀತಿದ್ದೆ ಮೇಷ್ಟ್ರೇ," ಅಂದಳು, ಗಾಬರಿಯಿಂದ.

ಮೇಷ್ಟ್ರು ಗೋಡೆ ಹಿಡಿದುಕೊಂಡು ಏದುಸಿರು ಬಿಟ್ಟರು.

"ಕುಡಿದಾಯ್ತಾ?"

"ಆಯ್ತು."

"ಹಾಗಾದ್ರೆ ಹಾಡು," ಅಂದರು. ಅಕ್ಕ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಅದೇ ತಪ್ಪು ಸ್ವರದಲ್ಲಿ ಮತ್ತೆ ಶುರುಮಾಡಿದಳು. ಮೇಷ್ಟ್ರು ಹೊಸಿಲ ಮೇಲೆ ಕುಳಿತು ಕಣ್ಣು ಮುಚ್ಚಿದರು.