ಸುಮ್ಮನೆ ಇರಲಿ

ಓದದೆ ಒಪ್ಪಿಗೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಕಂಪನಿ ಸ್ಯಾನ್ ಡಿಯೇಗೊದಿಂದ ಎರಡು ಗಂಟೆ ದೂರದ ಟೊರೆನ್ಸ್‌ನಲ್ಲಿದೆ, ಲೋಹದ ಬಿಡಿಭಾಗಗಳನ್ನು ಪರೀಕ್ಷಿಸುವ ಯಂತ್ರ ಮಾಡುತ್ತದೆ. ಆ ಯಂತ್ರದೊಳಗಿನ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕುವ ಶೆಲ್ ಸ್ಕ್ರಿಪ್ಟು, ಅಂದರೆ ಒಂದರ ಕೆಳಗೊಂದು ಬರೆದ ಆದೇಶಗಳ ಪಟ್ಟಿ, ನನ್ನ ಸುಪರ್ದಿಯಲ್ಲಿತ್ತು. ಯಾರು ಅದರಲ್ಲಿ ಒಂದು ಸಾಲು ಬದಲಾಯಿಸಿದರೂ ಇನ್ನೊಬ್ಬರು ಓದಿ ಅಪ್ರೂವ್ ಮಾಡಬೇಕು. ಮುನ್ನೂರು ಸಾಲು ಕಳಿಸಿದರೆ ಎರಡೇ ನಿಮಿಷದಲ್ಲಿ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಬಂದು ಬೀಳುತ್ತಿತ್ತು. ನಮ್ಮ ಕಡೆ ಓದು ಬಾರದವರನ್ನು ಹೆಬ್ಬೆಟ್ಟು ಎನ್ನುತ್ತಾರೆ. ಇಲ್ಲಿ ಎರಡೆರಡು ಡಿಗ್ರಿ ಮಾಡಿದವರು ಹೆಬ್ಬೆಟ್ಟು ಒತ್ತಿ ಸಂಬಳ ತೆಗೆದುಕೊಳ್ಳುತ್ತಿದ್ದರು.

೨೦೨೦ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಕೇಳುವುದೇ ಬೇಡ. ನಾನು ಸ್ಯಾನ್ ಡಿಯೇಗೊದ ಮನೆಯಲ್ಲಿ ಕೂತು ಇವರ ಮೇಲೆ ಹಲ್ಲು ಕಡಿಯುತ್ತಿದ್ದೆ. ಆ ಯಂತ್ರದಲ್ಲಿ ಎರಡು ಡಿಸ್ಕ್ ಇರುತ್ತವೆ. ಒಂದು ಸಿಸ್ಟಮ್‌ಗೆ, ಇನ್ನೊಂದು ಅಳತೆಗಳನ್ನು ಕೂಡಿಡಲು. ಚಾಲೂ ಮಾಡಿದಾಗ ಎರಡೂ ಒಟ್ಟಿಗೆ ಏಳುವುದಿಲ್ಲ. ಸಿಸ್ಟಮ್ ಹಾಕುವ ಮುಂಚೆ ಸ್ಕ್ರಿಪ್ಟು ಡಿಸ್ಕನ್ನು ಅಳಿಸುತ್ತದೆ; ಎರಡೂ ಏಳುವವರೆಗೆ ಕಾಯದೆ ಹೋದರೆ ಮೊದಲು ಎದ್ದದ್ದನ್ನೇ, ಅದು ಅಳತೆಗಳ ಡಿಸ್ಕಾದರೂ, ಅಳಿಸಿಬಿಡುತ್ತದೆ. ಅದಕ್ಕೆ ಹತ್ತು ಸೆಕೆಂಡು ಕಾಯುವ ಒಂದು ಸಾಲು ಸೇರಿಸಿದೆ. ಪಕ್ಕದಲ್ಲಿ ಕಾರಣ ಬರೆಯಬೇಕಿತ್ತು. ಬರೆಯಲಿಲ್ಲ. ಇವರ ಪೈಕಿ ಯಾರಾದರೂ ಓದುತ್ತಾರೋ ನೋಡೇಬಿಡೋಣ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದೆ: ಸುಮ್ಮನೆ ಇರಲಿ. ಮುಟ್ಟಬೇಡಿ, ಅದರ ಪಾಡಿಗೆ ಅದಿರಲಿ ಎಂದು ನನ್ನ ಅರ್ಥ. ತಂಡದಲ್ಲಿ ಬೇರೆ ಕನ್ನಡದವರಿರಲಿಲ್ಲ. ಇದು ಯಾವ ಭಾಷೆ ಎಂದು ಒಬ್ಬರೂ ಕೇಳಲಿಲ್ಲ, ಎರಡು ಹೆಬ್ಬೆಟ್ಟು ಬಿದ್ದವು. ಈ ಕಥೆಯನ್ನು ಕನ್ನಡದ ಗೆಳೆಯರ ಮನೆಗಳಲ್ಲಿ ಊಟಕ್ಕೆ ಕೂತಾಗಲೆಲ್ಲ ಹೇಳಿ ನಗಿಸುತ್ತಿದ್ದೆ.

ಕೆಲವು ವರ್ಷಗಳ ನಂತರ ಧಾರವಾಡದವರೊಬ್ಬರು ಟೊರೆನ್ಸ್ ಆಫೀಸಿಗೆ ಸೇರಿದರು. ಇಲ್ಲೇ ಎಂ.ಎಸ್. ಮಾಡಿದವರು, ಮೊದಲ ಕೆಲಸ. ವೀಸಾ ಕಾಗದಗಳೆಲ್ಲ ಕಂಪನಿಯ ಕೈಯಲ್ಲಿದ್ದವು, ಹೆಂಡತಿ ಬಸುರಿ. ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಓದುವವರೊಬ್ಬರು ಕೊನೆಗೂ ಬಂದರಲ್ಲ ಎಂದು ನಾನು ಖುಷಿಪಡಬೇಕಿತ್ತು. ಅವರನ್ನೂ ಕಂಡರೆ ಆಗುತ್ತಿರಲಿಲ್ಲ.

ಒಂದು ಶನಿವಾರ ಆರ್ಟೀಸಿಯಾದ ನಮ್ಮ ದೇಶದವರ ಅಂಗಡಿಯಲ್ಲಿ ಮೈಸೂರುಪಾಕಿಗೆ ಸಾಲಿನಲ್ಲಿ ನಿಂತಿದ್ದೆ. ಧಾರವಾಡದವರ ಫೋನು ಬಂತು.

“ಮೇಡಂ, ಆ ಹತ್ತು ಸೆಕೆಂಡಿನ ಸಾಲು ಸುಮ್ನ ಐತೇನ್ರಿ?”

“ಅಲ್ಲೇ ಬರ್ದಿದೆಯಲ್ರೀ, ಕನ್ನಡದಲ್ಲಿ. ಓದೋಕೆ ಬರಲ್ವಾ ನಿಮ್ಗೆ?”

ಅವರು ಸಾರಿ ಕೇಳಿ ಫೋನಿಟ್ಟರು. ಮುಂದಿನ ವಾರ ಸ್ಕ್ರಿಪ್ಟಿಗೆ ಅವರು ಮಾಡಿದ ಬದಲಾವಣೆ ರಿವ್ಯೂಗೆ ನನ್ನ ಬಳಿ ಬಂತು. ಮೊದಲರ್ಧದಲ್ಲೇ ಇಪ್ಪತ್ತಮೂರು ತಪ್ಪು ಹುಡುಕಿದೆ. ಉದ್ಧರಣ ಚಿಹ್ನೆ ಬಿಟ್ಟಿದ್ದು, ಎಲ್ಲೋ ಒಂದು ಖಾಲಿ ಜಾಗ ಹೆಚ್ಚಾಗಿದ್ದು. ಒಂದೊಂದಕ್ಕೂ ಚುಚ್ಚಿ ಬರೆದೆ. ಅವರು ಎಲ್ಲವನ್ನೂ ತಿದ್ದಿ ಕಳಿಸಿದರು. ಉಳಿದರ್ಧ ನೋಡಲು ನನಗೆ ಬೇಸರ ಬಂದಿತ್ತು. ನಾನೂ ಹೆಬ್ಬೆಟ್ಟು ಒತ್ತಿದೆ.

ಹತ್ತು ದಿನ ಕಳೆಯುವುದರೊಳಗೆ ಟೊರೆನ್ಸ್‌ನ ನಮ್ಮದೇ ಲ್ಯಾಬಿನ ಯಂತ್ರದಲ್ಲಿ ಆ ಹೊಸ ಸ್ಕ್ರಿಪ್ಟು ಓಡಿಸಿದಾಗ ಮೂರು ವಾರದ ಅಳತೆಗಳು ಅಳಿಸಿಹೋದವು. ಮ್ಯಾನೇಜರು ಮೀಟಿಂಗ್ ಕರೆದ. ಮನೆಯಿಂದ ಹೊರಟು ಡೆಲ್ ಮಾರ್ ದಾಟಿ ಟೊರೆನ್ಸ್ ಮುಟ್ಟುವವರೆಗೂ ಧಾರವಾಡದವರನ್ನು ಬಾಯಿಗೆ ಬಂದಂತೆ ಬೈದುಕೊಂಡೇ ಡ್ರೈವ್ ಮಾಡಿದೆ. ಕಾರಿನಲ್ಲಿ ನಾನೊಬ್ಬಳೇ ಇದ್ದದ್ದು ಒಳ್ಳೆಯದಾಯಿತು.

ಮೀಟಿಂಗಿನಲ್ಲಿ ಗೋಡೆಯ ಪರದೆ ಮೇಲೆ, ನಾನು ಓದದೆ ಬಿಟ್ಟ ಅರ್ಧದಲ್ಲಿ, ಧಾರವಾಡದವರು ತೆಗೆದುಹಾಕಿದ ಹತ್ತು ಸೆಕೆಂಡಿನ ಸಾಲು ಕೆಂಪಗೆ ಕಾಣುತ್ತಿತ್ತು. ಪಕ್ಕದಲ್ಲಿ ನನ್ನ ಕನ್ನಡ. ಇದೇನು ಬರೆದಿದೆ ಎಂದು ಮ್ಯಾನೇಜರು ಅವರನ್ನು ಕೇಳಿದ. ಸುಮ್ಮನೆ ಇರಲಿ ಎಂದು ಹಾಕಿದ್ದು, ಅಂದರೆ ಕೆಲಸಕ್ಕೆ ಬೇಕಿಲ್ಲ ಎಂದು ತಾವು ತಿಳಿದುಕೊಂಡಿದ್ದಾಗಿ ಅವರು ಹೇಳಿದರು. ಬೇರೆ ಯಾರಿಗೂ ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಭಾಷೆ ಗೊತ್ತಿಲ್ಲದವರು ಹೆದರಿ ಆ ಸಾಲನ್ನು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಓದಿದವರು ಇವರೊಬ್ಬರೇ.

ಯಾರನ್ನಾದರೂ ಕೇಳಿದಿರಾ ಎಂದು ಮ್ಯಾನೇಜರು ಮತ್ತೆ ಕೇಳಿದ. ಅವರು ನನ್ನ ಕಡೆ ನೋಡಲೇ ಇಲ್ಲ. ತಪ್ಪು ತಮ್ಮದೇ ಎಂದರು. ಹಾಗಾದರೆ ನಿಮ್ಮನ್ನು ಮುಂದುವರಿಸುವುದು ಕಷ್ಟ ಎಂದ ಮ್ಯಾನೇಜರು. ಕೆಲಸ ಹೋದರೆ ವೀಸಾ ಹೋದಂತೆ, ಅದು ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಬಾಯಿ ಬಿಟ್ಟೆ. ಸಾಲು ನನ್ನದು, ಕನ್ನಡ ನನ್ನದು, ಇವರು ಫೋನ್ ಮಾಡಿ ಕೇಳಿದ್ದರು, ನಾನು ಉತ್ತರ ಕೊಡಲಿಲ್ಲ, ಕೊನೆಗೆ ಓದದೆ ಅಪ್ರೂವ್ ಮಾಡಿದವಳೂ ನಾನೇ ಎಂದೆ. ಆ ಸಾಲು ಯಾಕೆ ಬೇಕೆಂದೂ ವಿವರಿಸಿದೆ. ಎಲ್ಲ ಸೇರಿ ಅರ್ಧ ನಿಮಿಷ ಹಿಡಿಯಿತು. ಇದನ್ನು ಧೈರ್ಯವೆಂದು ಯಾರೂ ತಿಳಿಯಬೇಕಿಲ್ಲ. ಮ್ಯಾನೇಜರು ಇನ್ನೆರಡು ಸಲ ಕ್ಲಿಕ್ ಮಾಡಿದ್ದರೆ ಅಲ್ಲೇ ಅಪ್ರೂವ್ ಮಾಡಿದವರ ಜಾಗದಲ್ಲಿ ನನ್ನ ಹೆಸರು ಬರುತ್ತಿತ್ತು.

ಅವರ ಕೆಲಸ ಉಳಿಯಿತು. ಅಪ್ರೂವ್ ಮಾಡುವ ಅಧಿಕಾರವನ್ನು ನನ್ನಿಂದ ಆರು ತಿಂಗಳು ಕಿತ್ತುಕೊಂಡರು. ಪಾರ್ಕಿಂಗ್‌ನಲ್ಲಿ ಅವರು ನನ್ನ ಕಾರಿನವರೆಗೂ ಬಂದರು. ಥ್ಯಾಂಕ್ಸ್ ಹೇಳುತ್ತಾರೆಂದು ಕಾದೆ, ನಾಚಿಕೆಯಿಲ್ಲದೆ.

“ಅವತ್ತ ಫೋನಿನ್ಯಾಗ ಇಷ್ಟ ಹೇಳಿದ್ರ ಸಾಕಿತ್ತಲ್ರೀ, ಮೇಡಂ” ಎಂದರು.