ಬೆಳ್ತಂಗಡಿ ತಾಲೂಕಿಗೆ ಹೋಗಿ ಸೇದಿದ ಸಿಗರೇಟು

ದಿನಾ ಸಂಜೆ ನಾಲ್ಕೂವರೆಗೆ ಶ್ಯಾನುಭಾಗ ವೆಂಕಪ್ಪಯ್ಯನವರು ಹೆಗಲಿಗೆ ಶಾಲು ಹಾಕಿ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, "ಬೆಳ್ತಂಗಡಿಗೆ ಹೋಗಿ ಬರ್ತೇನೆ" ಎಂದು ಅಂಗಳ ಇಳಿಯುತ್ತಿದ್ದರು. ಐದು ಗಂಟೆಗೆ ವಾಪಸು ಬರುತ್ತಿದ್ದರು. ಬೆಳ್ತಂಗಡಿ ಪೇಟೆಗೆ ಆ ಕಾಲದಲ್ಲಿ ಬಸ್ಸು ಹಿಡಿದು ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ. ಅವರ ಮನೆಗೆ ಬಾಡಿಗೆಗೆ ಬಂದ ಮೊದಲ ವಾರ ನಾನು, ಪಾಪ, ಒಳ್ಳೆಯ ಮನುಷ್ಯ, ತಲೆ ಸ್ವಲ್ಪ ಸಡಿಲ ಉಂಟು ಎಂದೇ ತಿಳಿದುಕೊಂಡಿದ್ದೆ.

ನಾನು ಬಂಟ್ವಾಳದವಳು. ಐವತ್ತೇಳನೆಯ ಇಸವಿಯಲ್ಲಿ ಮೂಡಬಿದ್ರೆಯಿಂದ ಆಚೆ ಪಾದೆಬೆಟ್ಟು ಎಂಬ ಊರಿನ ಶಾಲೆಗೆ ಟೀಚರಾಗಿ ಹೋದೆ. ಒಂಟಿ ಹೆಂಗಸಿಗೆ ಕೋಣೆ ಕೊಡುವವರು ಯಾರೂ ಇರಲಿಲ್ಲ. ಶ್ಯಾನುಭಾಗರ ಹೆಂಡತಿ ಗಿರಿಜಕ್ಕ ಮಾತ್ರ ತಮ್ಮ ಚಾವಡಿಯ ಪಕ್ಕದ ಕೋಣೆ ಗುಡಿಸಿ ಕೊಟ್ಟರು. ಬೆಳ್ತಂಗಡಿಯ ಗುಟ್ಟನ್ನು ಹೇಳಿದವರೂ ಅವರೇ. ಪಾದೆಬೆಟ್ಟು ಕಾರ್ಕಳ ತಾಲೂಕಿನ ಕಟ್ಟಕಡೆಯ ಊರು. ಮನೆಯ ಹಿಂದಿನ ಗದ್ದೆ ಇಳಿದರೆ ಸಣ್ಣ ಹಳ್ಳದಂಥ ಒಂದು ತೋಡು, ತೋಡಿಗೆ ಅಡ್ಡ ಮರದ ಕಾಲುಸೇತುವೆ, ಒಂದು ಸಂಕ. ಸಂಕ ದಾಟಿದರೆ ಬೆಳ್ತಂಗಡಿ ತಾಲೂಕು. ಅಲ್ಲಿ ಒಂದು ಹಾಸುಬಂಡೆ. ಅದರ ಮೇಲೆ ಕೂತು ಶ್ಯಾನುಭಾಗರು ಸಾಲಾಗಿ ಐದು ಸಿಗರೇಟು ಸೇದಿ ಬರುತ್ತಿದ್ದರು.

ಈ ಅವಸ್ಥೆ ಯಾಕೆ ಬಂತು ಎಂದು ಹೇಳಬೇಕು. ವೆಂಕಪ್ಪಯ್ಯನವರು ಪ್ರಾಯದಲ್ಲಿ ಸರ್ವೆ ಸಾಹೇಬರೊಬ್ಬರ ಹಿಂದೆ ನಕ್ಷೆ ಹೊತ್ತು ತಿರುಗುವಾಗ ಸಿಗರೇಟು ಕಲಿತವರು. "ಬೀಡಿ ಸೇದಿದವ ಕೂಲಿಗೆ, ಸಿಗರೇಟು ಸೇದಿದವ ಸರಕಾರಕ್ಕೆ" ಎಂಬುದು ಅವರ ಮಾತು. ಊರಿನವರದ್ದೂ ಅದೇ ಅಭಿಪ್ರಾಯ. ಶ್ಯಾನುಭಾಗರು ಯಾರದ್ದಾದರೂ ಜಗಲಿಯಲ್ಲಿ ಕಡ್ಡಿ ಗೀರಿದರೆ ಮನೆಯ ಯಜಮಾನ ತಾನೇ ಎದ್ದು ಬೂದಿ ಉದುರಿಸಲು ತೆಂಗಿನ ಗೆರಟೆ ತಂದಿಡುತ್ತಿದ್ದ. ಒಳಗೆ ಹೆಂಗಸರು ಸೆರಗು ಮೂಗಿಗೆ ಒತ್ತಿ ಕೆಮ್ಮುತ್ತಿದ್ದರು. ನನಗೆ ಸಂಬಂಧ ನೋಡಲು ವಿಟ್ಲದಿಂದ ಬಂದ ದಲ್ಲಾಳಿಯೊಬ್ಬ ಹುಡುಗನ ಗುಣ ವರ್ಣಿಸುತ್ತಾ, "ಹುಡುಗ ದಿನಾ ಸಿಗರೇಟು ಸೇದ್ತಾನೆ, ಬೀಡಿ ಕೈಯಿಂದ ಮುಟ್ಟುವುದಿಲ್ಲ" ಎಂದಿದ್ದ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. "ಹಾಗಾದರೆ ಅವನಿಗೆ ಹೆಂಡತಿ ಯಾಕೆ, ಒಂದು ಗೆರಟೆ ಸಾಕು" ಎಂದು ಕಳಿಸಿಬಿಟ್ಟೆ.

ಗಿರಿಜಕ್ಕನಿಗೆ ಉಬ್ಬಸ. ಬಂತೆಂದರೆ ಎರಡು ದಿನ ಮಲಗುವ ಹಾಗಿಲ್ಲ. ಅವರ ಉಸಿರಿನ ಸಿಳ್ಳು ಗೋಡೆ ದಾಟಿ ನನ್ನ ಕೋಣೆಗೆ ಕೇಳುತ್ತಿತ್ತು. ಕೇಳುತ್ತಾ ಕೂತರೆ ನನಗೇ ಉಸಿರು ಕಟ್ಟಿದ ಹಾಗಾಗುತ್ತಿತ್ತು. ನಾನು ಬರುವ ಹಿಂದಿನ ವರ್ಷ ಒಮ್ಮೆ ಅವರ ತುಟಿ ನೀಲಿಯಾಗಿ, ಮೂಡಬಿದ್ರೆಯ ಡಾಕ್ಟ್ರು ಬಂದು ಸೂಜಿ ಕೊಟ್ಟು ಉಳಿಸಿದರಂತೆ. ಹೋಗುವಾಗ ಅವರು ಶ್ಯಾನುಭಾಗರನ್ನು ಅಂಗಳಕ್ಕೆ ಕರೆದು, "ನಿಮಗೆ ಹೆಂಡತಿ ಬೇಕಾದರೆ ಮನೆಯಲ್ಲಿ ಹೊಗೆ ಬೇಡ" ಎಂದು ನೇರ ಹೇಳಿದರು.

ವೆಂಕಪ್ಪಯ್ಯನವರು ಹೆದರಿದರು. ಹೆಂಡತಿ ಎಂದರೆ ಅವರಿಗೆ ಜೀವ, ಅದರಲ್ಲಿ ಎರಡು ಮಾತಿಲ್ಲ. ಮರುದಿನವೇ ಸ್ನಾನ ಮಾಡಿ, ಊರಿನ ದೈವದ ಅಂಗಳದಲ್ಲಿ ತೆಂಗಿನಕಾಯಿ ಹಿಡಿದು ನಿಂತು ಆಣೆ ಮಾಡಿದರು. ಆದರೆ ಆಣೆಯ ಒಕ್ಕಣೆ ಅವರದ್ದೇ. ಶ್ಯಾನುಭಾಗರಲ್ಲವೇ! "ಪಾದೆಬೆಟ್ಟು ಗ್ರಾಮದ ಚತುಸ್ಸೀಮೆಯ ಒಳಗೆ ಇನ್ನು ನಾನು ಹೊಗೆ ಸೇದುವುದಿಲ್ಲ" ಎಂದರಂತೆ.

"ಇದು ದೈವಕ್ಕೆ ಮಾಡುವ ಮೋಸ ಅಲ್ವಾ ಶ್ಯಾನುಭಾಗರೇ?" ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ.

ಅವರಿಗೆ ಬೇಸರವಾಗಲಿಲ್ಲ. ಪಾಠ ಹೇಳುವವರ ಹಾಗೆ ಬೆರಳೆತ್ತಿದರು. "ಎಂತ ಮೋಸ ಟೀಚರೇ? ನಮ್ಮ ದೈವದ ಅಧಿಕಾರ ನಮ್ಮ ಗ್ರಾಮಕ್ಕೆ. ತೋಡಿನ ಆಚೆ ಬೇರೆ ದೈವ ಉಂಟು. ಕಾರ್ಕಳದ ಕೋರ್ಟಿನ ತಕರಾರನ್ನು ಬೆಳ್ತಂಗಡಿಯ ಕೋರ್ಟು ಕೇಳ್ತದಾ?"

ಆಣೆಯನ್ನು ಅವರು ಪಾಲಿಸುತ್ತಿದ್ದ ಚಂದವನ್ನು ನೋಡಬೇಕಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ತೋಡು ಕೆಂಪಾಗಿ ಉಕ್ಕಿ ಹರಿಯುವಾಗಲೂ ಈ ಮನುಷ್ಯ ಕೊಡೆ ಹಿಡಿದು, ಜಾರುವ ಸಂಕದ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ಸಂಕ ಪೂರ್ತಿ ದಾಟದೆ ಬೆಂಕಿಪೆಟ್ಟಿಗೆ ಹೊರಗೆ ತೆಗೆಯುತ್ತಿರಲಿಲ್ಲ. ಒಮ್ಮೆ ಸಂಕದ ನಡುವಿನಲ್ಲಿ ಸಿಗರೇಟು ಬಾಯಿಂದ ನೀರಿಗೆ ಬಿತ್ತು. ಅದು ಯಾವ ತಾಲೂಕಿಗೆ ಸೇರಿತು ಎಂದು ಕೇಳಿದ್ದಕ್ಕೆ ನನ್ನೊಡನೆ ಎರಡು ದಿನ ಮಾತು ಬಿಟ್ಟರು.

ಆದರೆ ಗಿರಿಜಕ್ಕನ ಉಬ್ಬಸ ಪೂರ್ತಿ ಹೋಗಲಿಲ್ಲ. ಸಂಜೆ ಐದಕ್ಕೆ ಗಂಡ ಬಂದು ಪಕ್ಕದಲ್ಲಿ ಕೂತು ಪ್ರೀತಿಯಿಂದ ಬೆನ್ನು ನೀವುವಾಗಲೇ ಅವರ ಸಿಳ್ಳು ಸುರುವಾಗುತ್ತಿತ್ತು. ಶಾಲಿನಲ್ಲಿ, ಅಂಗಿಯಲ್ಲಿ, ಮೀಸೆಯಲ್ಲಿ ಐದು ಸಿಗರೇಟಿನ ನಾತ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಡಿಗೆಗೆ ಇರುವವಳು, ಎಷ್ಟೆಂದು ಬಾಯಿ ಹಾಕುವುದು?

ಮೂರು ವರ್ಷ ಹೀಗೆ ಹೋಯಿತು. ಒಂದು ಬೇಸಗೆಯಲ್ಲಿ ತೋಡಿನ ಬದಿಯ ಗದ್ದೆಯವರಿಬ್ಬರಿಗೆ ಜಗಳವಾಗಿ, ಗಡಿ ಅಳೆಯಲು ಸರ್ವೇಯರು ಬಂದರು. ಶಾಲೆಗೆ ರಜೆ, ನಾನೂ ನೋಡಲು ಹೋದೆ. ವೆಂಕಪ್ಪಯ್ಯನವರು ಹಳೆಯ ನಕ್ಷೆ ಬಿಡಿಸಿ ಹಿಡಿದು, ಸರಪಳಿಯವರಿಗೆ ಅಪ್ಪಣೆ ಕೊಡುತ್ತಾ ಗತ್ತಿನಲ್ಲಿ ಮುಂದೆ ನಡೆದರು. ಸರಪಳಿ ತೋಡಿನವರೆಗೆ ಬಂತು. ತೋಡನ್ನು ದಾಟಿತು. ಬಂಡೆಯನ್ನೂ ದಾಟಿ ಆಚೆಯ ಪೊದೆಯ ಹತ್ತಿರ ಹೋಗಿ ನಿಂತಿತು. ಪೊದೆ ಕಡಿದು ನೋಡಿದರೆ ಒಳಗೆ ಗಡಿಕಲ್ಲು.

ಸರ್ವೇಯರು ಖುಷಿಯಾದರು. "ನೋಡಿ, ಹಿಂದೆ ತೋಡು ಇಲ್ಲಿ ಹರಿಯುತ್ತಿತ್ತು. ಯಾವುದೋ ನೆರೆಗೆ ದಿಕ್ಕು ಬದಲಿಸಿದೆ. ಈ ಬಂಡೆ ನಿಮ್ಮ ಗ್ರಾಮದ್ದೇ ಶ್ಯಾನುಭಾಗರೇ" ಎಂದು ಹೇಳಿ, ಡಬ್ಬ ತೆರೆದು ಅವರಿಗೊಂದು ಸಿಗರೇಟು ಕೊಟ್ಟು ಕಡ್ಡಿ ಗೀರಿ ಹಿಡಿದರು.

ವೆಂಕಪ್ಪಯ್ಯನವರು ಸಿಗರೇಟನ್ನು ಬಾಯಲ್ಲಿಟ್ಟುಕೊಂಡು ನಿಂತೇ ಇದ್ದರು. ಕಡ್ಡಿ ಉರಿದು ಸರ್ವೇಯರ ಬೆರಳು ಸುಟ್ಟಿತು. ಇಡೀ ಗ್ರಾಮದ ಗಡಿಯನ್ನು ಕಣ್ಣುಮುಚ್ಚಿ ಹೇಳುತ್ತಿದ್ದ ಮನುಷ್ಯ, ನಾಲ್ಕು ವರ್ಷದಿಂದ ದಿನಕ್ಕೆ ಐದರಂತೆ ದೈವದ ಅಂಗಳದಲ್ಲೇ ಸೇದಿದ ಹಾಗಾಗಿತ್ತು. ನನಗೆ ನಗು ತಡೆಯಲಿಲ್ಲ, ಪೊದೆಯ ಹಿಂದೆ ಹೋಗಿ ನಕ್ಕು ಬಂದೆ.

ಮನೆಗೆ ಬಂದವರೇ ಹೆಂಡತಿಯ ಎದುರು ನೆಲದ ಮೇಲೆ ಕೂತರು. "ಗಿರಿಜಾ, ನಿನ್ನ ಉಬ್ಬಸ ಗುಣವಾಗದ್ದು ಯಾಕೆ ಎಂದು ಈಗ ಗೊತ್ತಾಯಿತು. ದೈವಕ್ಕೆ ಸಿಟ್ಟು ಬಂದಿದೆ. ಆಣೆ ತಪ್ಪಿದೆ" ಎಂದು ಎಲ್ಲವನ್ನೂ ಹೇಳಿದರು.

ಗಿರಿಜಕ್ಕ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ನಿಮ್ಮ ನಕ್ಷೆ ನನಗೆ ಗೊತ್ತಿಲ್ಲ ಮಾರಾಯ್ರೆ. ನೀವು ಕಾಶಿಯಲ್ಲಿ ಸೇದಿ ಬಂದರೂ ಆ ಅಂಗಿ ಬಾಗಿಲು ದಾಟಿದ ಕೂಡಲೇ ನನಗೆ ಉಸಿರು ಕಟ್ಟುತ್ತದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಮ್ಮಲ್ಲಿ ಯಾವ ಹೆಂಗಸು ಹೇಳಿದ್ದಾಳೆ?" ಎಂದು ಅವರು ಗೆರಸೆ ಕೊಡವಿ ಎದ್ದರು.

ಮರುದಿನ ದೈವಕ್ಕೆ ತಪ್ಪುಕಾಣಿಕೆ ಹಾಕಿ ಹೊಸ ಆಣೆಯಾಯಿತು. ಈ ಸಲದ ಒಕ್ಕಣೆ ಗಿರಿಜಕ್ಕನದ್ದು: "ಸೇದುವುದಿಲ್ಲ." ಅಷ್ಟೇ. ಚತುಸ್ಸೀಮೆಯೂ ಇಲ್ಲ, ತಾಲೂಕೂ ಇಲ್ಲ. ವೆಂಕಪ್ಪಯ್ಯನವರು ಎಲ್ಲಿಯಾದರೂ ಸಂದು ಉಂಟಾ ಎಂದು ಆ ಒಂದು ಶಬ್ದವನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

ಬಿಟ್ಟ ಮೇಲಿನ ಆರು ತಿಂಗಳು ಆ ಮನೆಯಲ್ಲಿ ನಾವು ಹೇಗಿದ್ದೆವೋ ನಮಗೇ ಗೊತ್ತು. ಶ್ಯಾನುಭಾಗರು ಕಾಗೆಗಳಿಗೆ ಬೈದರು. ಹಸುವಿಗೆ ನೋಟೀಸು ಕೊಡುತ್ತೇನೆ ಎಂದರು. ಪೆನ್ಸಿಲು ಕಚ್ಚಿ ಕಚ್ಚಿ ತುಟಿಯೆಲ್ಲ ಕಪ್ಪಾಗಿ, ಹಾಗೆಯೇ ತಹಶೀಲ್ದಾರರ ಎದುರು ಹೋಗಿ ನಿಂತರು. ಆದರೆ ಸೇದಲಿಲ್ಲ. ಗಿರಿಜಕ್ಕ ಮುಂದಿನ ಮಳೆಗಾಲ ಪೂರ್ತಿ ಚಾಪೆಯ ಮೇಲೆ ಮಲಗಿ ನಿದ್ದೆ ಮಾಡಿದರು. ಪಕ್ಕದ ಕೋಣೆಯಲ್ಲಿ ಮೊದಲ ಸಲ ಅವರ ಗೊರಕೆ ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದರೆ ಅತ್ತುಬಿಟ್ಟೆ.

ಮರುವರ್ಷ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಮದುವೆ, ಮಕ್ಕಳು, ಶಾಲೆ ಎಂದು ಏಳೆಂಟು ವರ್ಷ ಆ ಕಡೆ ಹೋಗಲಾಗಲಿಲ್ಲ. ಹುಷಾರಿಲ್ಲ ಎಂದು ಪತ್ರ ಬಂದಾಗ ಗಿರಿಜಕ್ಕನಿಗೇ ಎಂದು ತಿಳಿದು ಓಡಿ ಹೋದೆ. ನೋಡಿದರೆ ಗಿರಿಜಕ್ಕ ಗಟ್ಟಿಯಾಗಿ ನಿಂತಿದ್ದಾರೆ, ಮಂಚದ ಮೇಲೆ ಇದ್ದವರು ವೆಂಕಪ್ಪಯ್ಯ. ಇಪ್ಪತ್ತೈದು ವರ್ಷದ ಹೊಗೆ ಬಿಟ್ಟ ಮೇಲೂ ಒಳಗೆ ಉಳಿದಿತ್ತಂತೆ, ಎರಡೂ ಶ್ವಾಸಕೋಶ ಹೋಗಿದೆ ಎಂದು ಡಾಕ್ಟ್ರು ಹೇಳಿದ್ದರು.

ನಾನು ಕೂತಿದ್ದಾಗಲೇ ಅವರಿಗೆ ಉಸಿರು ಸಿಕ್ಕಿಕೊಂಡಿತು. ಕಣ್ಣು ದೊಡ್ಡದಾಗಿ ಕೈ ಗಾಳಿಯಲ್ಲಿ ಹುಡುಕಿತು. ಗಿರಿಜಕ್ಕ ಗಾಬರಿಯಾಗಲಿಲ್ಲ. ಅವರನ್ನು ಎಬ್ಬಿಸಿ ಕೂರಿಸಿ, ಎದೆಗೆ ದಿಂಬು ಕೊಟ್ಟು ಮುಂದಕ್ಕೆ ಬಗ್ಗಿಸಿದರು. "ಎಳೆಯಬೇಡಿ. ಮೊದಲು ಬಿಡಿ. ತುಟಿ ಸಣ್ಣ ಮಾಡಿ, ನಿಧಾನ ಬಿಡಿ. ಹೆದರಿದರೆ ಇನ್ನೂ ಕಟ್ತದೆ. ನನ್ನೊಟ್ಟಿಗೆ ಬಿಡಿ" ಎನ್ನುತ್ತಾ ತಾವೂ ಹಾಗೆಯೇ ಉಸಿರು ಬಿಟ್ಟು ತೋರಿಸಿದರು. ಬಹಳ ಹೊತ್ತಿನ ಮೇಲೆ ಅವರ ಉಸಿರು ಇವರ ಉಸಿರಿಗೆ ಹೊಂದಿಕೊಂಡಿತು.

ಹೊರಡುವಾಗ ವೆಂಕಪ್ಪಯ್ಯನವರು ನನ್ನನ್ನು ಹತ್ತಿರ ಕರೆದರು. ಒಂದೊಂದು ಶಬ್ದಕ್ಕೂ ನಿಂತು ಹೇಳಿದರು: "ಟೀಚರೇ, ಇವಳಿಗೆ ಇಷ್ಟು ಕಷ್ಟ ಆಗ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅರ್ಧ ನಾಟಕ ಎಂದು ತಿಳಿದಿದ್ದೆ."

ಗಿರಿಜಕ್ಕನಿಗೆ ಕೇಳಿಸಿತು. ಅವರು ಗಂಡನ ಬೆನ್ನು ನೀವುತ್ತಲೇ ಇದ್ದರು.